ಹಿಂದಿನ ಸೀಟಿನ ತೂಕ

ಗುಜರಿ ಅಂಗಡಿಯ ತಕ್ಕಡಿ ತನ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹತ್ತು ದಿನ ಬೈಕಿನ ಮೇಲೆ ಊರೂರು ಸುತ್ತಿ ಬರಲು ಹೊರಟಿದ್ದಾನೆ ಎಂಬ ಸುದ್ದಿ ಮನೆಯಲ್ಲಿ ಹೊರಬಿದ್ದದ್ದು ಊಟದ ಹೊತ್ತಿನಲ್ಲಿ. ಹಾಗಾಗಿ ಮೊದಲು ಕೆಟ್ಟದ್ದು ಊಟವೇ.

"ಈ ವಯಸ್ಸಿನಲ್ಲಾ?" ಎಂದಳು ಅವನ ತಾಯಿ, ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೇ ಇಟ್ಟು.

"ನಮಗೇನಮ್ಮ ಅಂಥಾ ವಯಸ್ಸಾಗಿರೋದು?"

"ಮಗಳ ಮದುವೆ ಮಾಡೋ ವಯಸ್ಸು. ಗಂಡನ ಸೊಂಟ ಹಿಡ್ಕೊಂಡು ರಸ್ತೇಲಿ ಮೆರೆಯೋ ವಯಸ್ಸಲ್ಲ."

"ನನ್ನ ಮದುವೆ ಮಾತು ಎತ್ತಬೇಡ ಅಜ್ಜಿ," ಎಂದಳು ಮಗಳು. ಅವಳು ಬ್ರೆಡ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಪಾಳಿಯ ಮೇಲೆ ದುಡಿಯುವವಳು. ಮನೆಯಲ್ಲಿದ್ದಾಗ ನಿದ್ದೆ, ಇಲ್ಲದಾಗ ನಿದ್ದೆಯ ಚಿಂತೆ. "ನನ್ನ ಪ್ರಶ್ನೆ ಬೇರೆ. ಇವರಿಬ್ಬರೂ ಹೋದ್ರೆ ನಿನ್ನ ನೋಡ್ಕೊಳ್ಳೋರು ಯಾರು?"

"ನನ್ನ ಯಾರೂ ನೋಡ್ಕೊಳ್ಳೋದು ಬೇಡ. ನಾನೇನು ಬಾಗಿಲ ಹೊರಗೆ ಬಿಟ್ಟಿರೋ ಚಪ್ಪಲಿನಾ, ಕಾಯೋದಕ್ಕೆ?"

ಹೆಂಡತಿ ಅಷ್ಟು ಹೊತ್ತೂ ತುಟಿ ಪಿಟಕ್ಕೆನ್ನದೆ ಬಡಿಸುತ್ತಿದ್ದಳು. ಅತ್ತೆಯ ಲೋಟಕ್ಕೆ ನೀರು ಹಾಕಿ, "ಈ ಸಲ ಹೋಗ್ತೀವಿ ಅತ್ತೆ. ಏನಾದ್ರೂ ಆಗ್ಲಿ," ಎಂದಳು. ದನಿ ಏನೂ ಏರಿರಲಿಲ್ಲ. ಆದರೆ ಆ ಮನೆಯಲ್ಲಿ ಅವಳು ಹಾಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮುದುಕಿ ಇಟ್ಟ ತುತ್ತನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

ತಕ್ಕಡಿಯದು ಗುಜರಿ ಅಂಗಡಿ. ಹಳೇ ಪೇಪರಿನ ಕಟ್ಟನ್ನೋ ತುಕ್ಕು ಹಿಡಿದ ಬಕೆಟ್ಟನ್ನೋ ಕೈಯಲ್ಲಿ ಒಮ್ಮೆ ಎತ್ತಿ ನೋಡಿದರೆ ಸಾಕು, ತೂಕ ಹೇಳಿಬಿಡುತ್ತಿದ್ದ. ಆಮೇಲೆ ಮೆಷಿನ್ನಿನ ಮೇಲೆ ಇಟ್ಟರೆ ಹೆಚ್ಚೆಂದರೆ ಒಂದು ಹಿಡಿಯಷ್ಟು ಅತ್ತಿತ್ತ. ಅದಕ್ಕೇ ಬೀದಿಯವರು ಇಟ್ಟ ಹೆಸರು ತಕ್ಕಡಿ. ಅವನಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ. ಬೈಕು ಕೂಡ ಗುಜರಿಗೆ ಬಂದದ್ದೇ. ಯಾರೋ ಒಡೆದು ಮಾರು ಎಂದು ತಳ್ಳಿಕೊಂಡು ಬಂದಿದ್ದ ದೊಡ್ಡ ಬೈಕನ್ನು ಒಡೆಯಲು ಕೈ ಬರದೆ, ಎದುರು ಸಾಲಿನ ಮೆಕ್ಯಾನಿಕ್‌ನ ಜೊತೆ ಸೇರಿ ವರ್ಷಗಟ್ಟಲೆ ಒಂದೊಂದೇ ಭಾಗ ಹುಡುಕಿ ಹಾಕಿ, ಜೀವ ಬರಿಸಿದ್ದ.

ಹೆಂಡತಿಗೆ ಆ ಪ್ರಯಾಣದ ಮಾತು ಕೊಟ್ಟದ್ದು ಮದುವೆಯಾದ ಹೊಸದರಲ್ಲಿ. ಮೊದಲ ಸಲ ಹೊರಡಬೇಕೆನ್ನುವಾಗ ಅವನ ಅಪ್ಪ ಹಾಸಿಗೆ ಹಿಡಿದರು. ಇನ್ನೊಂದು ಸಲ ಮಗಳಿಗೆ ವಾಂತಿ ಭೇದಿ. ಮತ್ತೊಂದು ಸಲ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಒಮ್ಮೆ ಅವನ ಕಾಲ ಮೇಲೆಯೇ ಕಬ್ಬಿಣದ ತಗಡು ಬಿತ್ತು. ಪ್ರತಿ ಸಲವೂ ಮನೆಯಲ್ಲಿ ಯಾರಾದರೊಬ್ಬರು ಮಲಗಿದರು, ಜೊತೆಗೆ ಪ್ರಯಾಣವೂ ಮಲಗಿತು. "ಮುಂದಿನ ವರ್ಷ ಹೋಗೋಣ ಬಿಡು," ಎನ್ನುತ್ತಿದ್ದ ತಕ್ಕಡಿ. "ಹೂಂ," ಎಂದು ಅವಳು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂರುತ್ತಿದ್ದಳು. ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿದು ಕೊಡುವುದು ಅವಳ ಕಸುಬು.

"ಹೋದ್ರೆ ಏನು ನೋಡ್ಬೇಕು ನಿಂಗೆ?" ಎಂದು ಈ ಸಲ ಅವನು ಕೇಳಿದ. "ಬೆಟ್ಟನಾ, ಸಮುದ್ರನಾ?"

"ನೋಡೋದೇನೂ ಬೇಡ. ನಾಳೆಗೆ ಏನು ಬೇಯಿಸ್ಲಿ ಅಂತ ಯೋಚ್ನೆ ಇಲ್ದೆ ಮಲಗ್ಬೇಕು. ಎಲ್ಲೋ ಇಳಿದು, ಯಾರೋ ಮಾಡಿದ್ದು ತಿಂದು, ಕೈ ತೊಳ್ಕೊಂಡು ಮತ್ತೆ ಹತ್ತಿ ಕೂರಬೇಕು. ಪಾತ್ರೆ ಅಲ್ಲೇ ಬಿದ್ದಿರ್ಬೇಕು."

"ಅಷ್ಟೇನಾ?"

"ನಿಮಗೆ ಅದು ಅಷ್ಟೇ," ಎಂದು ಅವಳು ನಕ್ಕಳು.

ತೊಡಕು ತಂದದ್ದು ಮೆಕ್ಯಾನಿಕ್. "ಅಣ್ಣ, ಇಬ್ಬರ ಭಾರ, ಸಾಮಾನಿನ ಭಾರ, ಎಲ್ಲಾ ಸೇರಿ ಈ ಗಾಡಿಗೆ ಒಂದು ಮಿತಿ ಇದೆ," ಎಂದ. "ಅದು ಮೀರಿ ಹಿಂದೆ ಹೇರಿದ್ರೆ ತಿರುವಿನಲ್ಲಿ ಮುಂದಿನ ಚಕ್ರ ನಿಮ್ಮ ಮಾತು ಕೇಳಲ್ಲ. ತಪ್ಪು ತಿಳ್ಕೋಬೇಡಿ, ಮಿತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀವೊಬ್ಬರೇ ತಿಂದುಬಿಡ್ತೀರಿ."

ತೂಕದ ವಿಷಯದಲ್ಲಿ ಇನ್ನೊಬ್ಬರು ತನಗೆ ಬುದ್ಧಿ ಹೇಳುವುದೇ? ತಕ್ಕಡಿ ಆ ಭಾನುವಾರ ಸಂಜೆಯೇ ಅಂಗಡಿಯ ಕದ ಅರ್ಧ ಎಳೆದು, ಕಬ್ಬಿಣ ತೂಗುವ ಮೆಷಿನ್ನನ್ನು ಒರೆಸಿ, ಮೊದಲು ತಾನು ನಿಂತ. ಆಮೇಲೆ ಹೆಂಡತಿಯನ್ನು ಕರೆದ. ಅವಳು ಚಪ್ಪಲಿ ಬಿಟ್ಟು, ಒಡೆದ ಫ್ಯಾನುಗಳ ರಾಶಿಯನ್ನು ಹಿಡಿದುಕೊಂಡು ಮೇಲೆ ಹತ್ತಿದಳು.

"ಯಾವ ರೇಟಿಗೆ ತಗೋತೀರಿ? ಪೇಪರ್ ರೇಟಾ, ಕಬ್ಬಿಣದ ರೇಟಾ?"

"ತಾಮ್ರದ ರೇಟು," ಎಂದ ತಕ್ಕಡಿ.

ಇಬ್ಬರ ತೂಕಕ್ಕೆ ಸಾಮಾನಿನದೂ ಸೇರಿಸಿ ನೋಡಿದರೆ ಲೆಕ್ಕ ಮಿತಿ ದಾಟಿತು. ಟೆಂಟು, ಗಾಳಿ ಪಂಪು, ಮಳೆ ಕೋಟು, ರಿಪೇರಿ ಸಾಮಾನು ಯಾವುದನ್ನೂ ಬಿಡಲು ಅವನಿಗೆ ಮನಸ್ಸಿಲ್ಲ. ಇಬ್ಬರೂ ಊಟ ಕಡಿಮೆ ಮಾಡುವುದು, ಪ್ರತಿ ಭಾನುವಾರ ಮೆಷಿನ್ ಹತ್ತುವುದು, ಎಷ್ಟು ತೂಕ ಇಳಿದರೆ ಅಷ್ಟು ಸಾಮಾನು ಸೇರಿಸುವುದು ಎಂದು ಅಲ್ಲೇ ತೀರ್ಮಾನವಾಯಿತು. ಬೇರೆ ಯಾರ ಮನೆಯಲ್ಲೂ ಯಾರಿಗೂ ಹೊಳೆಯದ ಉಪಾಯ ಅದು. ತಕ್ಕಡಿಗೆ ತನ್ನ ಜಾಣತನದ ಮೇಲೆ ತನಗೇ ಪ್ರೀತಿ ಉಕ್ಕಿತು.

ಅವನ ಪಥ್ಯ ಒಂದು ದಿನ ನಡೆಯಿತು. ಮಾರನೇ ದಿನ ಮಧ್ಯಾಹ್ನ ಬೇಕರಿಯ ಪೊಟ್ಟಣ ತಾನಾಗಿಯೇ ನಡೆದು ಬಂದು ಬಾಯಿಗೆ ಬಿತ್ತು ಎನ್ನುವ ಹಾಗೆ ಮಾತಾಡುತ್ತಿದ್ದ. ಹೆಂಡತಿಯದು ಹಾಗಲ್ಲ. ಮುಂದಿನ ಭಾನುವಾರ ಅವಳು ಇಳಿದಿದ್ದಳು. ಪಂಪು ಸೇರಿತು. ಅದರ ಮುಂದಿನ ಭಾನುವಾರ ಇನ್ನೂ ಇಳಿದಿದ್ದಳು. ಮಳೆ ಕೋಟುಗಳು ಸೇರಿದವು. ಮತ್ತೊಂದು ವಾರಕ್ಕೆ ಅವನು ಖುಷಿಯಿಂದ ಒಂದು ಪುಟ್ಟ ಸ್ಟವ್ ತಂದು ಮುಂದಿಟ್ಟ.

"ಸ್ಟವ್ ಬಂದ್ರೆ ನಾನು ಬರಲ್ಲ," ಎಂದಳು ಅವಳು, ನಗದೆ.

ಸ್ಟವ್ ವಾಪಸ್ಸು ಹೋಯಿತು, ಅದರ ಜಾಗಕ್ಕೆ ಟೆಂಟು ಬಂತು. ಲಾರಿಯ ಹಳೇ ಟಾರ್ಪಾಲಿನ್ ಕತ್ತರಿಸಿ ಅವಳು ಬೈಕಿನ ಎರಡೂ ಪಕ್ಕಕ್ಕೆ ಇಳಿಬಿಡುವ ಚೀಲಗಳನ್ನು ಹೊಲಿದಳು. ದಪ್ಪ ಬಟ್ಟೆಗೆ ಸೂಜಿ ಮುರಿಯುತ್ತಿತ್ತು. ಕೈಯಿಂದಲೇ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದಳು. ನಡುನಡುವೆ ಯಂತ್ರದ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತಿರುತ್ತಿದ್ದಳು. ಕಣ್ಣು ಸೋತಿರಬೇಕು ಎಂದುಕೊಂಡ ತಕ್ಕಡಿ ದೊಡ್ಡ ಬಲ್ಬು ತಂದು ಹಾಕಿದ. ಹೆಂಡತಿಗಾಗಿ ಏನೋ ಮಾಡಿದೆನೆಂಬ ಸಮಾಧಾನ ಅವನಿಗೆ.

ಅವಳು ಸೊರಗುತ್ತಿರುವುದು ಎದ್ದು ಕಾಣಬೇಕಿತ್ತು. ಕಾಣಲಿಲ್ಲ. ಸಣ್ಣಗಾದವರನ್ನು ಜೋಲುವ ಬಟ್ಟೆ ಹಿಡಿದುಕೊಡುತ್ತದೆ. ಅವಳೋ ಹೊಲಿಯುವವಳು, ವಾರವಾರ ತನ್ನ ಬಟ್ಟೆಗಳ ಪಕ್ಕದ ಹೊಲಿಗೆಯನ್ನು ಇಷ್ಟಿಷ್ಟೇ ಒಳಕ್ಕೆ ಹಿಡಿಯುತ್ತಿದ್ದಳು. ಯಾವತ್ತು ನೋಡಿದರೂ ಅಳತೆಗೆ ಸರಿಯಾಗಿ ಕೂತ ಬಟ್ಟೆ.

ಕಂಡದ್ದು ಮುದುಕಿಗೆ ಮಾತ್ರ.

"ಇವಳ ತಟ್ಟೆ ನೋಡೋ," ಎಂದಳು ಒಂದು ದಿನ ಊಟಕ್ಕೆ ಕೂತಾಗ. "ಗುಬ್ಬಿಗೆ ಹಾಕ್ದಂಗೆ ಹಾಕ್ಕೊಂಡಿದ್ದಾಳೆ. ಉಂಗುರ ನಿಲ್ದೆ ದಾರ ಸುತ್ತಿದ್ದಾಳೆ. ಕಣ್ಣು ಕಾಣಲ್ವಾ ನಿಂಗೆ? ಬೈಕ್ ಮೇಲೆ ಮೆರೆಯೋಕೆ ಸಣ್ಣ ಸೊಂಟ ಬೇಕಾಯ್ತೇನೋ ಮಹಾರಾಣಿಗೆ."

ಕೊನೆಯ ಮಾತು ಮೊದಲಿನದನ್ನೆಲ್ಲ ನುಂಗಿಬಿಟ್ಟಿತು. ಮನೆಯವರ ಕಿವಿಯಲ್ಲಿ ಉಳಿದದ್ದು ಮಹಾರಾಣಿಯೊಂದೇ.

"ಅಮ್ಮ, ನಿಂಗೆ ನಾವು ಹೋಗೋದು ಇಷ್ಟ ಇಲ್ಲ ಅಂತ ನೇರವಾಗಿ ಹೇಳು," ಎಂದು ತಕ್ಕಡಿ ರೇಗಿದ.

"ಇಷ್ಟ ಇಲ್ಲ. ಹೇಳಿದ್ದೀನಲ್ಲ."

"ಅಜ್ಜಿಗೆ ಹೊಟ್ಟೆಕಿಚ್ಚು," ಎಂದಳು ಮಗಳು. "ಅಮ್ಮ ಎಷ್ಟು ಚೆನ್ನಾಗಿ ಕಾಣ್ತಿದ್ದಾಳೆ. ಅಮ್ಮಾ, ನಂಗೂ ಆ ಗುಟ್ಟು ಹೇಳ್ಕೊಡು. ಫ್ಯಾಕ್ಟರೀಲಿ ಬ್ರೆಡ್ಡಿನ ವಾಸನೆಗೇ ನಾನು ಊದ್ತಾ ಇದ್ದೀನಿ."

"ಹಸಿವಾಗ್ಬಾರ್ದು, ಅಷ್ಟೇ ಗುಟ್ಟು," ಎಂದು ತಾಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಗಳು ನಕ್ಕಳು. ತಕ್ಕಡಿಯೂ ನಕ್ಕ.

ಹೊರಡುವ ಮುಂಚೆ ಒಂದು ದಿನ ಪೂರ್ತಿ ಸಾಮಾನು ಹೇರಿಕೊಂಡು ಹೋಗಿ ಬನ್ನಿ, ಆಗ ಗಾಡಿಯ ಗುಣ ತಿಳಿಯುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಭಾರದ ಸಾಮಾನನ್ನು ಚೀಲದ ತಳಕ್ಕೆ, ಮುಂಭಾಗಕ್ಕೆ, ಹಗುರದ್ದನ್ನು ಮೇಲಕ್ಕೆ ಹಾಕಿ, ಎರಡೂ ಚೀಲಗಳನ್ನು ಕೈಯಲ್ಲೇ ಸರಿತೂಗಿಸಿ ತಕ್ಕಡಿ ಬೈಕ್ ಹೊರಗೆ ತೆಗೆದ. ಹೆದ್ದಾರಿಯಲ್ಲಿ ಗಾಳಿ ಚೆನ್ನಾಗಿತ್ತು. ಅವಳು ಎರಡೂ ಕೈಯಲ್ಲಿ ಅವನ ಸೊಂಟ ಹಿಡಿದಿದ್ದಳು. "ಹೇಗಿದೆ?" ಎಂದು ಅವನು ಕೂಗಿ ಕೇಳಿದರೆ "ಹೋಗ್ತಾ ಇರಿ," ಎಂದು ಅವಳೂ ಕೂಗಿದಳು. ದಾರಿಯ ಹೋಟೆಲೊಂದರಲ್ಲಿ ಇಳಿದು ಅವನು ಹೊಟ್ಟೆ ತುಂಬ ತಿಂದ. ಅವಳು ಚಹಾ ತರಿಸಿಕೊಂಡು, ಎಂಜಲು ತಟ್ಟೆ ಎತ್ತಿಕೊಂಡು ಹೋಗುವ ಮಾಣಿಯನ್ನು ನೋಡುತ್ತ ಖುಷಿಯಾಗಿ ಕೂತಿದ್ದಳು.

ಬರುವಾಗ ಹಳ್ಳದ ರಸ್ತೆಯಲ್ಲಿ ಹಿಂಭಾಗ ಕುಪ್ಪಳಿಸಲು ಶುರುವಾಯಿತು. ನೇರ ಗ್ಯಾರೇಜಿಗೇ ತಂದು ನಿಲ್ಲಿಸಿದ. ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗನ್ನು ಒತ್ತಿ ನೋಡಿದ.

"ನೀವು ಹೇಳಿದ ಭಾರಕ್ಕೆ ಬಿಗಿ ಮಾಡಿದ್ದೆ ಅಣ್ಣ. ಹಿಂದೆ ಅಷ್ಟು ಭಾರ ಇಲ್ಲವೇ ಇಲ್ಲ. ಸಡಿಲ ಮಾಡ್ಬೇಕು."

"ಎಲ್ಲಿರುತ್ತೆ? ಸೇರಿಸಿದ ಸಾಮಾನಿಗಿಂತ ಜಾಸ್ತಿ ನಮ್ಮಾಕೆ ಇಳಿದಿದ್ದಾಳೆ," ಎಂದ ತಕ್ಕಡಿ ಹೆಮ್ಮೆಯಿಂದ.

ಮೆಕ್ಯಾನಿಕ್ ತಲೆಯೆತ್ತಿ ನೋಡಿದ. ಅವಳು ಇನ್ನೂ ಸೀಟಿನ ಮೇಲೆಯೇ ಇದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟು, ಮುಂದಕ್ಕೆ ಬಾಗಿ. "ಅತ್ತಿಗೆ, ಹುಷಾರಾಗಿದ್ದೀರಾ?"

"ಕಾಲು ಜೋಮು ಹಿಡಿದಿದೆ. ಸ್ವಲ್ಪ ತಾಳಿ, ಇಳೀತೀನಿ," ಎಂದಳು. ಸ್ವಲ್ಪ ತಾಳಿದರು. ಇಳಿದಳು.

ಅದಾದ ವಾರದಲ್ಲೇ, ಗಿರಾಕಿಯೊಬ್ಬರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು ಹಾಗೆಯೇ ಕುಸಿದು ಬಿದ್ದಳು. ಮುದುಕಿ ಕೂಗಿಕೊಂಡದ್ದು ಅಂಗಡಿಗೆ ಕೇಳಿಸಿತು. ತಕ್ಕಡಿ ಓಡಿ ಬಂದು, ಇಸ್ತ್ರಿ ಪೆಟ್ಟಿಗೆಯನ್ನು ಕಾಲಿನಿಂದ ದೂರ ತಳ್ಳಿ, ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

ಮೆಷಿನ್ನಿನ ಮುಳ್ಳು ತೋರಿಸಿದ್ದನ್ನು ಅವನು ಪ್ರತಿ ವಾರ ನೋಡಿದ್ದ. ಆಗೆಲ್ಲ ಅದು ಟೆಂಟಿಗೆ ಸಿಕ್ಕ ಜಾಗ, ಮಳೆ ಕೋಟಿಗೆ ಸಿಕ್ಕ ಜಾಗ. ಇಡೀ ಬದುಕು ಕೈಯಿಂದಲೇ ತೂಕ ನೋಡಿದವನು ಹೆಂಡತಿಯನ್ನು ಮಾತ್ರ ಕೈಯಲ್ಲಿ ಎತ್ತಿ ನೋಡಿರಲಿಲ್ಲ. ಈಗ ಎತ್ತಿದ್ದ. ತೋಳಿನಲ್ಲಿ ಅವಳು ಇದ್ದಾಳೋ ಬರೀ ಬಟ್ಟೆ ಇದೆಯೋ ಎನ್ನುವ ಹಾಗಿತ್ತು. ಅವನು ಬಾಗಿಲಲ್ಲಿ ನಿಂತು "ಅಮ್ಮಾ" ಎಂದ.

ಆಸ್ಪತ್ರೆಯ ಡಾಕ್ಟರು ಒಬ್ಬ ನಿಧಾನದ ಹೆಂಗಸು. ಹೊಟ್ಟೆಯನ್ನು ಒತ್ತಿ ನೋಡಿ, ಪರೀಕ್ಷೆಗಳನ್ನು ಬರೆದುಕೊಟ್ಟು, "ತೂಕ ಯಾವಾಗಿಂದ ಇಳೀತಿದೆ?" ಎಂದು ಕೇಳಿದರು.

ತಕ್ಕಡಿ ಹೇಳಿದ. ಮೊದಲ ಭಾನುವಾರ ಎಷ್ಟಿತ್ತು, ಎರಡನೆಯ ಭಾನುವಾರ ಎಷ್ಟು, ಅದರ ಮುಂದಿನದು ಎಷ್ಟು. ಒಂದು ವಾರವೂ ಬಿಡದೆ, ತಡವರಿಸದೆ ಹೇಳಿದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಇಷ್ಟು ಸರಿಯಾಗಿ ಹೇಳೋರನ್ನ ನಾನು ನೋಡಿಲ್ಲ. ವಾರವಾರ ತೂಗಿದ್ದೀರಾ?"

"ಹೂಂ."

"ಯಾಕೆ?"

ಪಕ್ಕದಲ್ಲಿ ನಿಂತಿದ್ದ ಮಗಳು ನೆಲ ನೋಡುತ್ತ ಹೇಳಿದಳು: "ಬೈಕಿಗೆ."

ಅವಳನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಅವತ್ತು ಸಂಜೆ ಮನೆಯಲ್ಲಿ ಒಲೆ ಹಚ್ಚಿದ್ದು ಮುದುಕಿ. ಅನ್ನ ತಳ ಹಿಡಿದಿತ್ತು. ಮಗಳು ತಟ್ಟೆಯನ್ನು ಮುಂದಿಟ್ಟುಕೊಂಡು ಅಪ್ಪನ ಮುಖವನ್ನೇ ನೋಡುತ್ತ ಕೂತಳು.

"ಅಮ್ಮ ಕರಗ್ತಾ ಇದ್ರೆ ನೀನು ಟೆಂಟ್ ಸೇರಿಸ್ತಾ ಇದ್ದೆಯಲ್ಲಪ್ಪ."

ಅವನು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದ.

"ಮಾತಾಡು. ಏನಾದ್ರೂ ಹೇಳು. ಗೊತ್ತಾಗ್ಲಿಲ್ಲ ಅನ್ನು."

"ಗೊತ್ತಿತ್ತಲ್ಲ," ಎಂದ ತಕ್ಕಡಿ. "ತೂಕ ಗೊತ್ತಿತ್ತು."

ಮಗಳಿಗೆ ಅಳು ಬಂತು. "ನಾನಾದ್ರೂ ಏನು ಮಾಡ್ದೆ? ಗುಟ್ಟು ಹೇಳ್ಕೊಡು ಅಂತ ಕೇಳ್ದೆ. ಹಸಿವಾಗಲ್ಲ ಅಂತ ಅವಳು ಎದುರಿಗೇ ಹೇಳಿದ್ಲು, ನಾನು ನಗ್ತಾ ಕೂತಿದ್ದೆ." ಇಂಥ ಹೊತ್ತಿನಲ್ಲಿ ಒಂದು ಮಾತು ಸೇರಿಸದೆ ಬಿಡದ ಮುದುಕಿ ಅವತ್ತು ಪಾತ್ರೆಯ ತಳವನ್ನು ಕೆರೆಯುತ್ತ ಗೋಡೆಯ ಕಡೆ ತಿರುಗಿ ಕೂತಿದ್ದಳು.

ವಾರ್ಡಿನಲ್ಲಿ ಹೆಂಡತಿಗೆ ಎಚ್ಚರವಿದ್ದಾಗ ತಕ್ಕಡಿ ಕೇಳಿದ. "ನೋವಿತ್ತಾ?"

"ಇತ್ತು."

"ಯಾವಾಗಿಂದ?"

"ನೀವು ಮೊದಲ ಸಲ ಮೆಷಿನ್ ಹತ್ತಿಸೋದಕ್ಕೂ ಮುಂಚಿಂದ."

"ನಂಗೆ ಹೇಳೋದಲ್ವೇನೇ?"

"ಹೇಳಿದ್ರೆ ಏನ್ಮಾಡ್ತಿದ್ರಿ?" ಎಂದು ಅವಳು ಮುಖ ಇತ್ತ ತಿರುಗಿಸಿದಳು. "ಪ್ರತಿ ಸಲ ನಿಂತಿದ್ದು ಯಾರಿಗೋ ಹುಷಾರಿಲ್ಲ ಅಂತ. ಮಾವನಿಗೆ, ಮಗೂಗೆ, ಅತ್ತೆಗೆ, ನಿಮಗೆ. ನಾನು ಯಾರ ಮೇಲೂ ಬೇಜಾರು ಮಾಡ್ಕೊಳ್ಳಲಿಲ್ಲ. ಆದ್ರೆ ಈ ಸಲ ನಿಲ್ಲಿಸೋಳು ನಾನೇ ಆಗ್ಬಾರ್ದು ಅಂತ ಇತ್ತು. ಹೋಗಿ ಬಂದು ತೋರಿಸ್ಕೊಂಡ್ರಾಯ್ತು ಅಂದ್ಕೊಂಡೆ."

ಅವನು ಹೊದಿಕೆಯನ್ನು ಸರಿ ಮಾಡಿದ, ಮತ್ತೆ ಸರಿ ಮಾಡಿದ.

ಮರುದಿನ ಬೆಳಿಗ್ಗೆ ಮುದುಕಿ ಊಟದ ಡಬ್ಬಿಗೆ ಗಂಜಿ ತುಂಬಿಸಿಕೊಂಡು ಬಾಗಿಲಲ್ಲಿ ಬಂದು ನಿಂತಳು. "ಆ ಗಾಡಿ ತೆಗಿ. ನಾನೂ ಬರ್ತೀನಿ."

"ನೀನಾ? ಆಟೋ ತರ್ತೀನಿ ಇರಮ್ಮ. ನಿನ್ನ ಸೊಂಟ..."

"ನನ್ನ ಸೊಂಟ ನಂದು. ಗಂಜಿ ಆರುತ್ತೆ, ತೆಗಿ."

ಅವಳನ್ನು ಹತ್ತಿಸಲು ಮೆಕ್ಯಾನಿಕ್‌ನೂ ಬರಬೇಕಾಯಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಉಬ್ಬು ಬಂದಾಗಲೂ ರಸ್ತೆ ಮಾಡಿಸಿದವರಿಗೆ ಶಾಪ ಹಾಕುತ್ತ, ಮಗನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಆಸ್ಪತ್ರೆ ತಲುಪಿದಳು. ಸೊಸೆ ಅವಳ ಕೆದರಿದ ತಲೆ ನೋಡಿ ದಿಂಬಿನ ಮೇಲೆ ಸ್ವಲ್ಪ ಎದ್ದಳು.

"ಅತ್ತೆ, ಬೈಕಲ್ಲಿ ಬಂದ್ರಾ? ಸೊಂಟ ಹಿಡ್ಕೊಂಡು?"

"ನಾನು ಹೆತ್ತವನ ಸೊಂಟ. ಹಿಡೀತೀನಿ, ಬಿಡ್ತೀನಿ. ಬಾಯಿ ತೆಗಿ."

ಎರಡು ಚಮಚ ಒಳಗೆ ಹೋಯಿತು. ಮೂರನೆಯದಕ್ಕೆ ಸೊಸೆ ತಲೆಯಾಡಿಸಿದಳು. ಮುದುಕಿ ಚಮಚವನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು, ಸೆರಗಿನಿಂದ ಅವಳ ಬಾಯಿ ಒರೆಸಿದಳು.

"ನಾನು ಕಂಡಿದ್ದೆ ಕಣೆ," ಎಂದಳು. "ಎಲ್ಲರಿಗಿಂತ ಮುಂಚೆ ಕಂಡಿದ್ದೆ. ಹೇಳಿದ್ದೂ ಹೌದು. ಆದ್ರೆ ಜಗಳ ಆಡೋ ಬಾಯಲ್ಲಿ ಹೇಳ್ದೆ. ಯಾರು ಕೇಳ್ತಾರೆ?"

"ಹೋಗ್ಲಿ ಬಿಡಿ ಅತ್ತೆ. ಬೇರೆ ಬಾಯಿ ನಿಮಗೆ ಎಲ್ಲಿತ್ತು?"

ಮುದುಕಿ ನಗಲು ಹೋಗಿ ಅತ್ತಳು. ತಕ್ಕಡಿ ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡ.

ಪರೀಕ್ಷೆಗಳು ಮುಗಿದ ಮೇಲೆ ಡಾಕ್ಟರು ಅವನನ್ನೂ ಮಗಳನ್ನೂ ಕೋಣೆಗೆ ಕರೆದು ಕೂರಿಸಿದರು. ಹೊಟ್ಟೆಯಲ್ಲಿದ್ದ ಕ್ಯಾನ್ಸರ್ ಹೊಟ್ಟೆ ದಾಟಿ ಹೋಗಿತ್ತು. ಆಪರೇಷನ್ ಮಾಡುವ ಹಂತ ಕಳೆದಿತ್ತು. ನೋವಿಗೆ ಔಷಧಿ ಕೊಡುತ್ತೇವೆ, ಮನೆಗೆ ಕರೆದುಕೊಂಡು ಹೋಗಿ, ಹತ್ತಿರ ಇರಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತು ತಕ್ಕಡಿ ಮಗಳಿಗೆ ಹೇಳಿದ. "ಅವಳಿಗೆ ಹೇಳಬೇಡ."

"ಅವಳಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀಯಾ?"

"ಹೇಳಬೇಡ ಅಂದೆ."

ಮನೆಗೆ ಬಂದ ಮೇಲೆ ಮುಂದಿನ ಕೋಣೆಯಿಂದ ಹೊಲಿಗೆ ಯಂತ್ರ ಸರಿಸಿ ಅಲ್ಲಿ ಮಂಚ ಹಾಕಿದರು. ಮಗಳು ಫ್ಯಾಕ್ಟರಿಗೆ ರಜೆ ಹಾಕಿದಳು. ಮುದುಕಿ ಅಡುಗೆ ಮನೆ ಹಿಡಿದಳು. ಇನ್ನು ತಕ್ಕಡಿ. ಅವನಿಗೆ ಸುಮ್ಮನೆ ಪಕ್ಕದಲ್ಲಿ ಕೂರಲು ಬರುತ್ತಿರಲಿಲ್ಲ. ಏನಾದರೊಂದು ಒಳ್ಳೆಯ ಮಾತು ತಂದು ಅವಳ ಮುಂದೆ ಇಡದೆ ಹೋದರೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಅವನಿಗೆ ಗೊತ್ತಿದ್ದ ಒಳ್ಳೆಯ ಮಾತು ಒಂದೇ.

"ನಿಂಗೆ ಸ್ವಲ್ಪ ಬಲ ಬರ್ಲಿ. ಹಿಂದಿನ ಸೀಟಿಗೆ ಒರಗೋಕೆ ಒಂದು ಕಂಬಿ ಹಾಕಿಸ್ತೀನಿ," ಎಂದ ಒಂದು ಸಂಜೆ. ಇನ್ನೊಂದು ಸಂಜೆ ಸೀಟಿಗೆ ಮೆತ್ತನೆಯ ಸ್ಪಂಜು ತಂದು ತೋರಿಸಿದ. ಮತ್ತೊಂದು ದಿನ ಮೆಕ್ಯಾನಿಕ್ ಹೇಳಿದನೆಂದು, ಗುಡ್ಡದ ದಾರಿ ಬಿಟ್ಟು ಸಪಾಟು ದಾರಿಯಲ್ಲೇ ಹೋಗುವ ಯೋಜನೆ ಮಾಡಿಕೊಂಡು ಬಂದ. ಅವಳು ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದಳು. ಅಡುಗೆ ಮನೆಯಲ್ಲಿ ಅಜ್ಜಿ ಮೊಮ್ಮಗಳ ನಡುವೆ ಪಿಸುದನಿಯ ಜಗಳ ನಡೆಯುತ್ತಿತ್ತು.

"ಅಪ್ಪನ ಬಾಯಿ ಮುಚ್ಚಿಸು ಅಜ್ಜಿ. ಕೇಳೋಕಾಗ್ತಿಲ್ಲ."

"ಅವನ ಬಾಯಿ ಮುಚ್ಚಿಸಿದ್ರೆ ಅವನೂ ಮಲಗ್ತಾನೆ. ಇಬ್ಬರನ್ನ ನೀನು ಎತ್ತಿ ಕೂರಿಸ್ತೀಯಾ?"

ಚಳಿ ಶುರುವಾಗಿತ್ತು. ಅವಳು ಈಗ ದಿಂಬು ಬಿಟ್ಟು ಏಳುತ್ತಿರಲಿಲ್ಲ. ಆ ಸಂಜೆ ತಕ್ಕಡಿ ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಸ್ಟೂಲು ಎಳೆದುಕೊಂಡು ಕೂತ. "ಯೋಚ್ನೆ ಮಾಡ್ದೆ ಕಣೇ. ದಿನಕ್ಕೆ ಎರಡೇ ಗಂಟೆ ಹೋಗೋಣ. ಮಿಕ್ಕ ಹೊತ್ತು ನೀನು ಮಲಗು. ಈ ಚಳಿಯೊಂದು ಕಳೀಲಿ..."

"ಹೋಗಲ್ಲ ಅಂತ ಹೇಳಿ."

"ಏನಂದೆ?"

"ಹೋಗೋದಿಲ್ಲ ಅಂತ ಒಂದು ಸಲ ಹೇಳಿಬಿಡಿ. ನಿಮ್ಮ ಬಾಯಿಂದ."

"ಹಾಗೆಲ್ಲ ಯಾಕೆ ಅಂತೀಯ? ಡಾಕ್ಟರು..."

"ಡಾಕ್ಟರು ಬೇಡ, ನೀವು ಹೇಳಿ." ಅವಳು ಉಸಿರಿಗಾಗಿ ನಿಂತು, ಮತ್ತೆ ಮಾತಾಡಿದಳು. "ನೀವು ಆಮೇಲೆ ಹೋಗೋಣ ಅಂದಾಗೆಲ್ಲ ನಾನು ಕಾಯ್ತೀನಿ. ಹೊಸಬಳಾಗಿ ಬಂದಾಗಿನಿಂದ ಅದೇ ಅಭ್ಯಾಸ. ಮೈಯಲ್ಲಿ ಶಕ್ತಿ ಇತ್ತು, ಕಾಯ್ತಿದ್ದೆ. ಈಗಲೂ ನಿಮ್ಮ ಮಾತು ಕೇಳ್ಕೊಂಡು, ಬೆಳಿಗ್ಗೆ ಎದ್ದು ಕಾಲಿಗೆ ಬಲ ಬಂದಿದೆಯಾ ಅಂತ ನೋಡ್ಕೋತೀನಿ. ದಿನಾ ನೋಡ್ಕೋತೀನಿ. ಸುಸ್ತಾಗುತ್ತೆ ರೀ. ನನ್ನ ಕಾಯಿಸೋದು ನಿಲ್ಲಿಸಿ."

ತಕ್ಕಡಿ ಅವಳ ಮುಖವನ್ನು ನೋಡಿದ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವನು ಅವಳಿಗೆ ಇಲ್ಲ ಎಂದಿರಲಿಲ್ಲ. ಇಲ್ಲ ಎಂದರೆ ನೊಂದುಕೊಳ್ಳುತ್ತಾಳೆ ಎಂದೇ ಮುಂದಿನ ವರ್ಷ, ಆಮೇಲೆ, ಇದೊಂದು ಕಳೀಲಿ ಎನ್ನುತ್ತ ಬಂದಿದ್ದ. ಅದನ್ನೇ ತನ್ನ ಒಳ್ಳೆಯತನ ಎಂದುಕೊಂಡಿದ್ದ. ಎರಡು ಸಲ ಪ್ರಯತ್ನಪಟ್ಟ ಮೇಲೆ ಮಾತು ಹೊರಗೆ ಬಂತು.

"ಹೋಗೋದಿಲ್ಲ ಕಣೇ," ಎಂದ. "ನಾವು ಎಲ್ಲಿಗೂ ಹೋಗೋದಿಲ್ಲ."

ಅವಳು ಕಣ್ಣು ಮುಚ್ಚಿದಳು. ಮುಖ ಮುದುಡಿತು. ಆಮೇಲೆ ಅತ್ತಳು, ಆಸ್ಪತ್ರೆಯಲ್ಲಿ ಅಳದವಳು, ಇದ್ದ ಬಲವನ್ನೆಲ್ಲ ಹಾಕಿ ದನಿ ತೆಗೆದು ಅತ್ತಳು. ಮಗಳು ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬಂದಳು. ಬಾಗಿಲಲ್ಲೇ ಮುದುಕಿ ಅವಳ ತೋಳು ಹಿಡಿದು ನಿಲ್ಲಿಸಿದಳು. "ಅಳ್ಲಿ ಬಿಡು," ಎಂದಳು. ತಕ್ಕಡಿ ಸ್ಟೂಲು ಬಿಟ್ಟು ಮಂಚದ ಅಂಚಿಗೆ ಬಂದು ಕೂತು ಹೆಂಡತಿಯ ಕೈ ಹಿಡಿದುಕೊಂಡ. ಸಮಾಧಾನದ ಮಾತೊಂದು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

ಅಳು ನಿಂತ ಮೇಲೆ ಅವಳ ಉಸಿರು ನಿಧಾನವಾಯಿತು. ಎಷ್ಟೋ ದಿನದ ಮೇಲೆ ಹಣೆಯ ಗಂಟು ಬಿಚ್ಚಿತ್ತು.

"ನಾಳೆ ಅಂಗಡಿ ಬೇಗ ಮುಚ್ಚಿ ಬನ್ನಿ," ಎಂದಳು.

"ನಾಳೆ ತೆಗೆಯೋದೇ ಇಲ್ಲ."

ಆ ಮಾತನ್ನು ಅವನು ಮುಂದೆ ಹಾಕಲಿಲ್ಲ. ಮರುದಿನ ಪೇಪರಿನ ಕಟ್ಟು, ಖಾಲಿ ಬಾಟಲಿ ಹೊತ್ತು ತಂದವರು ಮುಚ್ಚಿದ ಕದ ನೋಡಿ ವಾಪಸ್ಸು ಹೋದರು. ಅದರ ಮರುದಿನವೂ ಹೋದರು. ಅವಳು ಇದ್ದಷ್ಟು ದಿನ ಆ ಕದ ತೆರೆಯಲಿಲ್ಲ.